ದುಂಡಪ್ಪನ ಹೆಸರಿನ ಮುಂದಿನ ಸೊನ್ನೆ

ಸುರೇಬಾನ
3 ಫೆಬ್ರುವರಿ 1951

ರಾಮದುರ್ಗದ ಡ್ರಾಯಿಂಗ್ ಮಾಸ್ತರ ವೆಂಕಣ್ಣನವರಿಗೆ ಸುರೇಬಾನದ ಮಹಾಂತಪ್ಪ ಮಾಡೂ ಶರಣಾರ್ಥಿ.

ನನ್ನ ಗುರ್ತ ನಿಮಗ ಇರಾಕಿಲ್ಲ. ನಿಮ್ಮ ತಾಲೀಮಿನ ಹುತುತು ತಂಡದಾಗ ದುಂಡಪ್ಪ ಅಂತ ಒಬ್ಬಾಂವ ಆಡತಾನಲ್ಲ, ಅವರಪ್ಪ ನಾನು. ನಾಕನೇತ್ತೆ ತನಕ ಕಲತಾಂವ, ತಪ್ಪಿದ್ದಲ್ಲಿ ಸಂಭಾಳಿಸಿ ಓದ್ರಿ.

ಇಲ್ಲಿ ಜ್ವಾಳ ಕೊಯ್ಯಾಕ ಬಂದಾವು. ಆಳು ಸಿಗವಲ್ಲರು. ಇಂವ ನೋಡಿದ್ರ ಇವತ್ತ ಸವದತ್ತಿ ಆತು, ನಾಳೆ ಕಿತ್ತೂರ ಆತು, ಆಟ ಆಟ ಅಂತ ಬಸ್ ಹತ್ತತಾನ. ಆರ ಫೂಟ ಆಳು, ಎರಡ ಎತ್ತಿನ ಕಸುವು ಐತಿ ಮೈಯಾಗ. ಅದನ್ನ ಒಯ್ದು ಎಲ್ಲಿ ಸುರೂವಾನೋ ನಾ ಅರಿಯೆ. ಸಂತಿಗೆ ಹೋದ್ರ ಮಂದಿ "ಶಂಕ್ರೆಪ್ಪ ಹಂಗ ಹಿಡದಾ, ಶಂಕ್ರೆಪ್ಪ ಹಿಂಗ ಹಿಡದಾ" ಅಂತಾರ. ನನ್ನ ಮಗನ ಹೆಸರ ಒಬ್ಬನ ಬಾಯಾಗೂ ಇಲ್ಲ. ಮತ್ತೊಂದ ಮಾತು, ಹೇಳಾಕ ನಾಚಿಕಿ ಆಗತೈತಿ. ಆಡಿ ಬಂದಾಂವನ ಬನಿಯನ್ನ ನೋಡತೇನಿ, ಹೋದಾಗ ಹೆಂಗಿತ್ತೋ ಹಂಗ ಬೆಳ್ಳಗ ಇರತೈತಿ. ಮಣ್ಣಾಗ ಆಡೂ ಆಟ, ಬನಿಯನ್ನಿಗೆ ಮಣ್ಣ ಸೈತ ಹತ್ತೂದಿಲ್ಲಂದ್ರ ಏನ್ ಆಡತಾನ್ರಿ ಇಂವಾ? ಮೂಲ್ಯಾಗ ನಿಂತು ಮಂದಿ ಆಡೂದು ನೋಡತಾನೇನ?

ನೀವು ಪುಸ್ತಕ ಇಟ್ಟೀರಂತ. ಯಾರ್ ಏನ ಮಾಡಿದ್ರು ಅಂತ ಅದರಾಗ ಬರೀತೀರಂತ. ದುಂಡಪ್ಪನ ಹೆಸರಿನ ಮುಂದ ಎಷ್ಟೈತಿ, ಅಷ್ಟ ಬರದು ಕಳಸ್ರಿ. ಹೊಗಳಿಕಿ ಬ್ಯಾಡ. ಅಂಕಿ ಚಲೋ ಇದ್ರ ಆಡ್ಲಿ, ನಾ ಬಾಯಿ ಮುಚ್ಚತೇನಿ. ಇಲ್ಲಂದ್ರ ಕುಡಗೋಲ ಹಿಡೀಲಿ.

ಇಂತಿ,
ಮಹಾಂತಪ್ಪ

—

ರಾಮದುರ್ಗ
9 ಫೆಬ್ರುವರಿ 1951

ಶ್ರೀ ಮಹಾಂತಪ್ಪನವರಿಗೆ ನಮಸ್ಕಾರಗಳು.

ನೀವು ಹೊಗಳಿಕೆ ಬೇಡವೆಂದಿದ್ದೀರಿ. ನನಗೂ ಅದು ಬರುವುದಿಲ್ಲ. ಎದುರಾಳಿ ಉಸಿರು ಬಿಗಿಹಿಡಿದು ‘ಹುತುತು’ ಎನ್ನುತ್ತ ನಮ್ಮ ಅಂಗಳಕ್ಕೆ ಬಂದು, ನಮ್ಮವರನ್ನು ಮುಟ್ಟಿ, ಉಸಿರು ಮುರಿಯುವ ಮೊದಲು ನಡುಗೆರೆ ದಾಟಿ ಮರಳಬೇಕು. ನಾವು ಅವನನ್ನು ಹಿಡಿದು ನಿಲ್ಲಿಸಬೇಕು. ಆದ್ದರಿಂದ ನನ್ನ ಪುಸ್ತಕದಲ್ಲಿ ಎರಡೇ ಮನೆಗಳು: ಮುಟ್ಟಿದ್ದು, ಹಿಡಿದದ್ದು. ಮೊದಲು ಕೈ ಹಾಕಿದವನ ಹೆಸರಿಗೇ ಹಿಡಿತ ಸೇರುತ್ತದೆ. ಈ ಹಂಗಾಮಿನ ಹದಿನಾಲ್ಕು ಪಂದ್ಯಗಳಲ್ಲಿ ತಂಡದ ಹಿಡಿತಗಳು ತೊಂಬತ್ತೊಂದು. ಅದರಲ್ಲಿ ದೊಡವಾಡದ ಶಂಕ್ರೆಪ್ಪನವು ಐವತ್ತೇಳು.

ದುಂಡಪ್ಪ: ಮುಟ್ಟಿದ್ದು ಸೊನ್ನೆ, ಹಿಡಿದದ್ದು ಸೊನ್ನೆ.

ನನ್ನ ಪುಸ್ತಕ ಯಾರ ಮುಲಾಜೂ ನೋಡುವುದಿಲ್ಲ. ಇನ್ನೊಂದು ಮಾತು ಬರೆಯಬೇಕೆಂದಿದ್ದೆ, ಕಾರ್ಡು ತುಂಬಿತು.

ತಮ್ಮ ವಿಶ್ವಾಸಿ,
ವೆಂಕಣ್ಣ

—

ಅಳ್ನಾವರ
30 ಮಾರ್ಚ್ 1951

ಮಾಸ್ತರ್ರಿಗೆ ದುಂಡಪ್ಪನ ನಮಸ್ಕಾರ್ರಿ.

ಹೇಳದ ಕೇಳದ ಬಂದುಬಿಟ್ಟೆ, ಬಯ್ಯಬ್ಯಾಡ್ರಿ. ಇಲ್ಲಿ ಕಟಗಿ ಡೆಪೊದಾಗ ದಿಮ್ಮಿ ಏರಸೂ ದಗದ ಸಿಕ್ಕೈತಿ. ನನ್ನಂಥಾ ದಾಂಡಿಗರು ಹತ್ತ ಮಂದಿ ಅದೇವಿ. ಊಟಕ್ಕ ಕಮ್ಮಿ ಇಲ್ಲ. ಮಳಿ ಮಾತ್ರ ಭಾಳಂತ, ಈಗ ಹೆದರಸಾಕ ಹತ್ಯಾರ.

ನಿಮ್ಮ ಕಾರ್ಡ ಅಪ್ಪ ಗುಡಿ ಕಟ್ಟಿ ಮ್ಯಾಲೆ ನಾಕ ಮಂದಿ ಮುಂದ ಓದಿದಾ. ಓದಿ, "ಸೊನ್ನಿ ತಗೊಂಡು ನಾ ಏನ ಮಾಡ್ಲಿ? ನಡಕ ನಿಲ್ಲೂದೊಂದ ಬರತೈತಿ ಇವಂಗ, ಹೊಲದಾಗ ಬೆದರಗೊಂಬಿ ಹಂಗ" ಅಂದಾ. ಎಲ್ಲಾರೂ ನಕ್ಕರು. ನನಗೂ ನಗಿ ಬಂತ್ರಿ, ಯಾಕಂದ್ರ ಅಪ್ಪಗ ಗೊತ್ತಿಲ್ಲದ ಅಂದದ್ದು, ಆದ್ರ ಖರೇನ ಅಂದಾ. ನಡಕ ನಿಲ್ಲೂದ ನನಗ ಬರೂದು. ಅವತ್ತ ರಾತ್ರೀನ ಗಂಟ ಕಟಗೊಂಡು ಮನಿ ಬಿಟ್ಟೆ.

ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ನೀವ್ ಬರದದ್ದು ಸುಳ್ಳಲ್ಲ. ನಾ ಯಾರನ್ನ ಹಿಡದೇನಿ? ಸವದತ್ತಿ ಆಟ ಏನಾತು, ಅದನ್ನ ಬರೀರಿ. ಶಂಕ್ರೆಪ್ಪಗ ಹೇಳ್ರಿ, ಬಲಕ್ಕ ಭಾಳ ಸರೀಬ್ಯಾಡ ಅಂತ. ನಾ ಇದ್ದಾಗ ನಡೀತಿತ್ತು, ಈಗ ನಡಿಯಾಕಿಲ್ಲ.

ನಿಮ್ಮ,
ದುಂಡಪ್ಪ

—

ರಾಮದುರ್ಗ
11 ಆಗಸ್ಟ್ 1951

ಚಿ. ದುಂಡಪ್ಪನಿಗೆ ಆಶೀರ್ವಾದಗಳು.

ನಿನ್ನ ಪತ್ರಕ್ಕೆ ನಾಲ್ಕು ತಿಂಗಳಾದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಪರೀಕ್ಷೆಯ ಪೇಪರುಗಳಿದ್ದವು ಎಂದು ಹೇಳಬಹುದು, ಆದರೆ ಡ್ರಾಯಿಂಗ್ ಪೇಪರು ತಿದ್ದಲು ಎಷ್ಟು ದಿನ ಬೇಕು! ಬರೆಯಲು ಕುಳಿತಾಗಲೆಲ್ಲ ಕೈ ಬರಲಿಲ್ಲ.

ಸವದತ್ತಿಯಲ್ಲಿ ಸೋತೆವು. ಬೈಲಹೊಂಗಲದಲ್ಲಿ ಸೋತೆವು. ಕಿತ್ತೂರಿನವರ ಎದುರಿಗಂತೂ ಕೇಳಲೇಬೇಡ, ಅವರ ಹುಡುಗರು ನಮ್ಮ ಅಂಗಳದಲ್ಲಿ ಅತ್ತೆಯ ಮನೆಗೆ ಬಂದವರ ಹಾಗೆ ಓಡಾಡಿ ಹೋದರು. ನಿನ್ನ ಜಾಗದಲ್ಲಿ ಮೊದಲು ಒಬ್ಬನನ್ನು, ಆಮೇಲೆ ಇಬ್ಬರನ್ನು ನಿಲ್ಲಿಸಿ ನೋಡಿದೆವು. ಶಂಕ್ರೆಪ್ಪ ಮೂರು ಪಂದ್ಯಗಳಲ್ಲಿ ಹಿಡಿದದ್ದು ಎರಡೇ ಎರಡು. ಆಟ ಮುಗಿದ ಮೇಲೆ ಮಣ್ಣಿನಲ್ಲಿ ಕುಳಿತು, "ಮಾಸ್ತರ್ರ, ಹಿಂದ ಯಾರೂ ಇಲ್ಲದಂಗ ಆಗತೈತ್ರಿ" ಎಂದ.

ದಸರೆಗೆ ಬಾ. ನಿನಗೆ ಎದುರಿಗೇ ಹೇಳಬೇಕಾದ ಮಾತೊಂದಿದೆ. ಕಾಗದದಲ್ಲಿ ಬರೆದು ಒಮ್ಮೆ ಕೆಡಿಸಿದ್ದೇನೆ, ಮತ್ತೆ ಬೇಡ.

ಹಿತಚಿಂತಕ,
ವೆಂಕಣ್ಣ

—

ಸುರೇಬಾನ
2 ಸಪ್ಟೆಂಬರ್ 1951

ವೆಂಕಣ್ಣ ಮಾಸ್ತರ್ರಿಗೆ ಮಹಾಂತಪ್ಪನ ಶರಣಾರ್ಥಿ.

ದುಂಡಪ್ಪ ಹ್ವಾದ. ಶ್ರಾವಣದಾಗ. ವಿಷಮಜ್ವರ ಅಂದರು. ಸುದ್ದಿ ಮುಟ್ಟಿ ನಾ ಅಳ್ನಾವರಕ್ಕ ಹೋಗೂದ್ರಾಗ ಎಲ್ಲಾ ಮುಗದಿತ್ತು. ಡೆಪೊ ಮಂದಿ ಲಾರಿ ಕೊಟ್ಟರು, ಕರಕೊಂಡ ಬಂದೆ. ನಮ್ಮ ಹೊಲದಾಗ ಮಣ್ಣ ಕೊಟ್ವಿ.

ಅವನ ಗಂಟಿನ್ಯಾಗ ನಿಮ್ಮ ಪತ್ರ ಇತ್ತು. ಒಡದಿರಲಿಲ್ಲ. ಜ್ವರದಾಗ ಮಕ್ಕೊಂಡಾಗ ಬಂದಿರಬೇಕು. ನಾ ಒಡದು ಓದೇನಿ, ತಪ್ಪ ತಿಳಕೋಬ್ಯಾಡ್ರಿ.

ಮಣ್ಣಿಗೆ ನಿಮ್ಮ ತಂಡದ ಎಂಟೂ ಮಂದಿ ಬಂದಿದ್ರು. ನೀವ್ ಬರಲಿಲ್ಲ. ಅವರು ಯಾರ ಯಾರೋ ನನಗ ಗೊತ್ತಿರಲಿಲ್ಲ. ಅವರಾಗ ಒಬ್ಬಾಂವ ಕುಣಿ ಅಂಚಿಗೆ ಕುಂತು ಹೆಣ್ಣಮಕ್ಕಳಗತೆ ಅತ್ತಾ. ಎಬ್ಬಸಾಕ ಹೋದ್ರ ಏಳವಲ್ಲ. ಯಾರಪಾ ನೀ ಅಂತ ಕೇಳಿದ್ರ, "ನಾ ಶಂಕ್ರೆಪ್ಪ ರೀ" ಅಂದಾ.

ಅವತ್ತಿಂದ ಒಂದ ಮಾತು ನನಗ ಕುಂತಲ್ಲಿ ಕುಂದರಗೊಡವಲ್ದು. ಐವತ್ತೇಳು ಹಿಡದಾಂವ, ಸೊನ್ನಿ ಹಿಡದಾಂವಗ ಹಂಗ್ಯಾಕ ಅಳಬೇಕ್ರಿ? ದೋಸ್ತಿ ಅಂದ್ರ ಒಬ್ಬಾಂವ ಅಳಬೇಕು. ಎಂಟೂ ಮಂದಿ ಅತ್ತರು. ನಿಮ್ಮ ಪತ್ರದಾಗ ನೋಡಿದ್ರ, ಇವನ ಜಾಗಾದಾಗ ಇಬ್ಬರನ ನಿಲ್ಲಸಿದ್ರೂ ಸಾಲಲಿಲ್ಲ ಅಂತ ಬರದೀರಿ. ಹಂಗಾದ್ರ ಮೊದಲ ಬರದದ್ದು ಏನು?

ಗುಡಿ ಕಟ್ಟಿ ಮ್ಯಾಲೆ ಆ ಕಾರ್ಡ ಓದಿದಾಂವ ನಾನ. ಮಾತಾಡಿದಾಂವ ನಾನ. ನೀವ್ ಅದನ್ನ ಹೊತಗೋಬ್ಯಾಡ್ರಿ. ಆದ್ರ ಪುಸ್ತಕ ಮತ್ತೊಮ್ಮೆ ನೋಡ್ರಿ. ನನ್ನ ಮಗ ಖರೇನ ಏನೂ ಮಾಡತಿದ್ದಿಲ್ಲೇನು? ನನ್ನ ಮನಸಿಗೆ ಸಮಾಧಾನ ಆಗಲಿ ಅಂತ ಬರೀಬ್ಯಾಡ್ರಿ. ಸಮಾಧಾನ ನನಗ ಬ್ಯಾಡ.

ಮಹಾಂತಪ್ಪ

—

ರಾಮದುರ್ಗ
20 ಸಪ್ಟೆಂಬರ್ 1951

ಮಹಾಂತಪ್ಪನವರಿಗೆ,

ಮಣ್ಣಿಗೆ ನಾನು ಬರಲಿಲ್ಲ. ಸುರೇಬಾನದ ಬಸ್ಸಿನ ತನಕ ಬಂದಿದ್ದೆ, ಹತ್ತುವ ಧೈರ್ಯವಾಗಲಿಲ್ಲ. ಯಾವ ಮುಖ ಹೊತ್ತು ನಿಮ್ಮ ಮುಂದೆ ನಿಲ್ಲಲಿ ಹೇಳಿ.

ಫೆಬ್ರುವರಿಯ ಕಾರ್ಡಿನಲ್ಲಿ ಜಾಗ ಮುಗಿದಿರಲಿಲ್ಲ. ಕೆಳಗೆ ಎರಡು ಬೆರಳಷ್ಟು ಜಾಗವಿತ್ತು. ನೀವು ಅದನ್ನು ಇಟ್ಟುಕೊಂಡಿದ್ದರೆ ನೋಡಿ. ನಾನು ಬರೆಯಬೇಕೆಂದಿದ್ದ ಮಾತು ಇಷ್ಟೇ: "ಆದರೆ ಅವನಿಲ್ಲದೆ ಈ ತಂಡ ನಿಲ್ಲುವುದಿಲ್ಲ." ಅದು ನನ್ನ ಕಣ್ಣಿಗೆ ಕಂಡದ್ದು. ಆದರೆ ಅಂಕಿಯಲ್ಲಿ ತೋರಿಸಲು ಪುಸ್ತಕದಲ್ಲಿ ಅದಕ್ಕೆ ಮನೆ ಇರಲಿಲ್ಲ. ತೋರಿಸಲಾಗದ್ದನ್ನು ಬರೆಯುವುದಿಲ್ಲವೆಂಬ ಹಮ್ಮು ನನಗೆ. ಹಾಳು ಹಮ್ಮು! ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆಯಲು ನನಗೆ ಅರ್ಧ ನಿಮಿಷ ಸಾಕಿತ್ತು.

ಈಗ ಹೇಳುತ್ತೇನೆ ಕೇಳಿ. ಡ್ರಾಯಿಂಗ್ ಮಾಸ್ತರನ ಚಟ, ಪ್ರತಿ ಹಿಡಿತದ ಪಕ್ಕದಲ್ಲಿ ಸಣ್ಣದೊಂದು ಚಿತ್ರ ಬರೆದಿದ್ದೇನೆ. ಒಂಬತ್ತು ಜನರಿಗೆ ಒಂಬತ್ತು ಚುಕ್ಕೆ, ಎದುರಾಳಿ ಓಡಿದ ದಾರಿಗೆ ಒಂದು ಬಾಣ. ದುಂಡಪ್ಪ ದೊಡ್ಡ ಆಳೆಂದು ಅವನ ಚುಕ್ಕೆಯನ್ನು ತಮಾಷೆಗೆ ದಪ್ಪ ಮಾಡಿದ್ದೆ. ನಿಮ್ಮ ಪತ್ರ ಬಂದ ದಿನ ಆ ತೊಂಬತ್ತೊಂದು ಚಿತ್ರಗಳನ್ನು ಮೊದಲ ಸಲ ಒಂದರ ಹಿಂದೆ ಒಂದು ನೋಡಿದೆ. ಬಾಣ ನೆಟ್ಟಗೆ ನಡುಗೆರೆಯ ಕಡೆಗೆ ಹೊರಡುತ್ತದೆ, ದಪ್ಪ ಚುಕ್ಕೆ ಎದುರಾಗುತ್ತದೆ, ಬಾಣ ಹೊರಳುತ್ತದೆ, ಹೊರಳಿದ ಕಡೆ ಶಂಕ್ರೆಪ್ಪನಿರುತ್ತಾನೆ. ಪುಟ ತಿರುವಿದರೂ ಅದೇ. ಎಲ್ಲವನ್ನೂ ನಾನೇ ಬರೆದಿಟ್ಟಿದ್ದೆ, ಓದಿರಲಿಲ್ಲ.

ಆದರೆ ನನ್ನ ಕಣ್ಣನ್ನು ಈಗ ನಾನೇ ನಂಬುವುದಿಲ್ಲ. ದುಃಖದಲ್ಲಿರುವವನಿಗೆ ತನಗೆ ಬೇಕಾದದ್ದೇ ಕಾಣುತ್ತದೆ. ಹುಡುಗರಿಗೆ ಒಬ್ಬೊಬ್ಬರಿಗೇ ಆ ಚಿತ್ರಗಳನ್ನು ತೋರಿಸಿ, ಒಬ್ಬನ ಉತ್ತರ ಇನ್ನೊಬ್ಬನಿಗೆ ತಿಳಿಯದಂತೆ ಕೇಳುತ್ತೇನೆ. ಸಮಯ ಹಿಡಿಯುತ್ತದೆ. ತಾಳಿಕೊಳ್ಳಿ.

ನಿಮ್ಮ ಅಪರಾಧಿ,
ವೆಂಕಣ್ಣ

—

ದೊಡವಾಡ
15 ನವೆಂಬರ್ 1951

ಮಾಸ್ತರ್ರಿಗೆ ಶಂಕ್ರೆಪ್ಪನ ನಮಸ್ಕಾರ್ರಿ.

ನೀವ್ ಕಳಿಸಿದ ಚಿತ್ರಾ ಎಲ್ಲಾ ನೋಡಿ ಟಿಕ್ ಹಾಕೇನಿ. ನನ್ನ ಐವತ್ತೇಳರಾಗ ನಲವತ್ತೊಂಬತ್ತು ಅವಂದ ಪುಣ್ಯಾ. ಕಮ್ಮಿ ಹೇಳಿರಬೇಕು, ಹೆಚ್ಚ ಹೇಳಿಲ್ಲ. ಅವಾ ಕೈ ಚಾಚಿ ನಿಂತರ ಬಂದಾಂವಗ ಆ ಕಡೆ ದಾರೀನ ಕಾಣತಿದ್ದಿಲ್ರಿ. ನನ್ನ ಕಡೆ ತಿರಗತಿದ್ದಾ. ನಾ ಕಾಲಿಗೆ ಬೀಳತಿದ್ದೆ. ಮಂದಿ ನನಗ ಚಪ್ಪಾಳಿ ಹೊಡೀತಿದ್ರು. ಚಪ್ಪಾಳಿ ಬಿದ್ದಾಗೆಲ್ಲಾ ಅವಾ ನನ್ನ ಬೆನ್ನ ಚಪ್ಪರಿಸಿ, "ಭಲೆ ಮಗನ!" ಅಂತಿದ್ದಾ. ನಾ ಒಮ್ಮೆನೂ ಅವಗ ಹಂಗ ಅನಲಿಲ್ಲ. ಯಾಕ ಅನಲಿಲ್ಲ ಅಂತ ಈಗ ಕೂಳ ಮುಂದಿಟಗೊಂಡು ವಿಚಾರ ಮಾಡತೇನಿ.

ಅವಾ ಯಾಕ ಒಮ್ಮೆನೂ ಬೀಳತಿದ್ದಿಲ್ಲ ಅಂತ ಕೇಳೀರಿ. ನಿಮಗ ಗೊತ್ತಿರಾಕಿಲ್ಲ, ನಮ್ಮ ಮಂದಿ ಸಂಗತಿ ಅದು. ಕೊರಳಾಗಿನ ಲಿಂಗದ್ದು. ನಾವೆಲ್ಲಾ ಆಡೂ ಮುಂದ ಲಿಂಗ ಇಡೂ ಕರಡಿಗಿ ಬೆನ್ನ ಕಡೆ ತಿರಿವಿ, ಶಿವದಾರ ಬಿಗದು, ಅರಿವಿ ಕಟಗೊಂಡು ಬೀಳತಿದ್ವಿ. ಬಿದ್ದಾಗ ಒಮ್ಮೊಮ್ಮೆ ಮಣ್ಣ ತಾಗತಿತ್ತು, ಮನಿಗೆ ಬಂದು ತೊಳಕೊಂಡು ಪೂಜಾ ಮಾಡಿ ಬಿಡತಿದ್ವಿ. ದುಂಡಪ್ಪ ಒಲ್ಲೆ ಅಂದಾ. "ದೀಕ್ಷಾ ಆದ ದಿನ ಅಪ್ಪ ಹೇಳ್ಯಾನ, ಇದು ಮಣ್ಣಿಗೆ ತಾಗಬಾರದು ಅಂತ. ಬೀಳೂ ಆಟ ನೀವ್ ಆಡ್ರಿ, ನಾ ನಿಲ್ಲೂ ಆಟ ಆಡತೇನಿ" ಅಂದಾ. ಅದಕ್ಕ ಅವಾ ಮುಟ್ಟಾಕ ಹೋಗಲಿಲ್ಲ, ಹಿಡೀಲಿಲ್ರಿ. ಹಿಡಿಯಾಕ ಬರದ ಅಲ್ಲ.

ಇದನ್ನ ಅವರಪ್ಪಗ ತಿಳಸೂದು ಬಿಡೂದು ನಿಮಗ ಬಿಟ್ಟದ್ದು. ನಂಗಂತೂ ಆಗೂದಿಲ್ರಿ.

ಶಂಕ್ರೆಪ್ಪ

—

ರಾಮದುರ್ಗ
10 ಜನೆವರಿ 1952

ಮಹಾಂತಪ್ಪನವರಿಗೆ ನಮಸ್ಕಾರಗಳು.

ಎಣಿಕೆ ಮುಗಿದಿದೆ. ಎಂಟೂ ಹುಡುಗರನ್ನು ಬೇರೆ ಬೇರೆಯಾಗಿ ಕೇಳಿದೆ. ತೊಂಬತ್ತೊಂದು ಹಿಡಿತಗಳಲ್ಲಿ, ದುಂಡಪ್ಪ ಅಡ್ಡ ನಿಂತದ್ದಕ್ಕೇ ಎದುರಾಳಿ ದಾರಿ ತಪ್ಪಿ ಸಿಕ್ಕಿಬಿದ್ದನೆಂದು ಎಂಟೂ ಜನ ಒಪ್ಪಿದ್ದು ಅರವತ್ತಮೂರು. ಇನ್ನು ಹನ್ನೊಂದರಲ್ಲಿ ಕೆಲವರು ಹೌದೆಂದರು, ಕೆಲವರು ನೆನಪಿಲ್ಲವೆಂದರು. ಅವನ್ನು ನಾನು ಸೇರಿಸಿಲ್ಲ. ಸೇರಿಸಲು ಕೈ ತುರಿಸಿತು, ಆದರೆ ನೀವು ಸಮಾಧಾನ ಬೇಡವೆಂದಿದ್ದೀರಿ.

ಇನ್ನೊಂದು ರೀತಿಯಲ್ಲೂ ನೋಡಿದೆ. ಅವನಿದ್ದ ಹದಿನಾಲ್ಕು ಪಂದ್ಯಗಳಲ್ಲಿ ಪಂದ್ಯಕ್ಕೆ ಆರೂವರೆ ಹಿಡಿತ ಬೀಳುತ್ತದೆ. ಅವನು ಅಳ್ನಾವರಕ್ಕೆ ಹೋದ ಮೇಲಿನ ಮೂರು ಪಂದ್ಯಗಳಲ್ಲಿ ಒಟ್ಟು ಐದು. ಮೂರು ಪಂದ್ಯ ಕಡಿಮೆಯೇ, ಬೈಲಹೊಂಗಲದವರು ಗಟ್ಟಿ ಆಳುಗಳು, ಅದನ್ನೂ ಹೇಳಬೇಕು. ಏನೇ ಕಳೆದರೂ ಉಳಿಯುವ ಮಾತು ಇದು: ಆ ತಂಡದ ಬಹುಪಾಲು ಗೆಲುವು ನಿಮ್ಮ ಮಗನದು. ಅವನು ಬೇರೆಯವರ ಹೆಸರಿಗೆ ಆಡಿದ.

ಬನಿಯನ್ನಿನ ಮಾತು ಕೇಳಿದ್ದಿರಿ. ಅದನ್ನೂ ನೋಡಿದೆ. ಹದಿನಾಲ್ಕು ಪಂದ್ಯಗಳಲ್ಲಿ ಅವನು ನೆಲಕ್ಕೆ ಬಿದ್ದದ್ದು ಒಂದು ಸಲವೂ ಇಲ್ಲ. ಡಿಕ್ಕಿ ಹೊಡೆದವರು ಬಿದ್ದಿದ್ದಾರೆ, ಅವನು ಬಿದ್ದಿಲ್ಲ. ಯಾಕೆ ಬೀಳುತ್ತಿರಲಿಲ್ಲವೋ ನನಗೆ ತಿಳಿಯದು. ಅವನ ಆಟದ ರೀತಿಯೇ ಹಾಗಿತ್ತೆಂದು ಕಾಣುತ್ತದೆ.

ನೀವು ಒಪ್ಪಿದರೆ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಸೊನ್ನೆಯನ್ನು ಹೊಡೆದುಹಾಕಿ ಅರವತ್ತಮೂರು ಎಂದು ಬರೆಯುತ್ತೇನೆ. ಇದುವರೆಗೆ ನಾನು ಬರೆದ ಅಂಕಿಯನ್ನು ಎಂದೂ ಹೊಡೆದದ್ದಿಲ್ಲ.

ತಮ್ಮ,
ವೆಂಕಣ್ಣ

—

ಸುರೇಬಾನ
27 ಜನೆವರಿ 1952

ವೆಂಕಣ್ಣ ಮಾಸ್ತರ್ರಿಗೆ ಮಹಾಂತಪ್ಪನ ಶರಣಾರ್ಥಿ.

ನಿಮ್ಮ ಪತ್ರ ಬಂದು ಹತ್ತ ದಿನ ಆತು. ಮೊದಲ ನಮ್ಮಾಕಿ ಸಿದ್ದಲಿಂಗವ್ವಗ ಓದಿ ಹೇಳಿದೆ. ಆಕಿ ಅರವತ್ತಮೂರು ಅನ್ನೂದ ಒಂದ ಹಿಡಕೊಂಡು ಮನಿ ಮನಿಗೆ ಹೇಳಕೋತ ಹೋದಳು. ಆಮ್ಯಾಲೆ ನಾ ಗುಡಿ ಕಟ್ಟಿಗೆ ಹೋದೆ. ಅವತ್ತ ನಕ್ಕ ಮಂದೀನ ಕರದು ಕುಂಡರಿಸಿ ಪೂರಾ ಓದಿದೆ, ಹನ್ನೊಂದ ಸೇರಿಸಿಲ್ಲ ಅನ್ನೂದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ನಾ ಓದಿದ್ದು ಕೇಳಬೇಕಾದಾಂವ ಮಾತ್ರ ಅಲ್ಲಿ ಇದ್ದಿಲ್ಲ.

ಒಂದ ಸಲಾನೂ ನೆಲಕ್ಕ ಬಿದ್ದಿಲ್ಲ ಅಂತ ಬರದೀರಿ. ಯಾಕ ಅಂತ ನಿಮಗ ತಿಳಿಯದು ಅಂತನೂ ಬರದೀರಿ. ಮಾಸ್ತರ್ರ, ಮುಲಾಜು ನೋಡದವರು ನೀವು, ನನ್ನ ಮುಲಾಜು ನೋಡಿದ್ರಿ. ನಿಮಗ ತಿಳದೈತಿ. ನನಗೂ ತಿಳೀತು.

ಮಣ್ಣ ಕೊಡೂ ಮುಂದ ಅವನ ಎಡಗೈಯಾಗ ಲಿಂಗ ಇಡಬೇಕಲ್ಲ, ಕರಡಿಗಿ ನಾನ ತಗದೆ. ಅವನಿಗೆ ಎಂಟ ವರ್ಷ ಇದ್ದಾಗ ಮಾಡಿಸಿದ ಬೆಳ್ಳಿ ಕರಡಿಗಿ. ಹದಿನಾಕ ವರ್ಷ ಕೊರಳಾಗ ಇದ್ದದ್ದು, ಒಂದ ನೆಗ್ಗ ಇಲ್ಲ, ಒಂದ ಗೀರ ಇಲ್ಲ. ಆಟ ಆಡೂ ಹುಡುಗರದು ಹಂಗ ಇರೂದಿಲ್ರಿ. ಅವತ್ತ ನನಗ ಸಿಟ್ಟ ಬಂತು. ಹೆಣದ ಮುಂದ ಕುಂತು ಸಿಟ್ಟ ಬಂತು ನೋಡ್ರಿ. ಎಷ್ಟರ ಹೇಡಿ ಇದ್ದಾನು ಇಂವಾ, ಮೈಗೆ ಒಂದ ಪೆಟ್ಟ ತಿಂದಿಲ್ಲ, ಅಂದಕೊಂಡೆ.

ದೀಕ್ಷಾ ಕೊಟ್ಟ ದಿನ ಲಿಂಗ ಕಟ್ಟಿದ ಅಯ್ಯನೋರು ಗಂಗಯ್ಯನವರು ಹೋದಮ್ಯಾಲೆ ನಾ ಅವನ್ನ ತೊಡಿ ಮ್ಯಾಲೆ ಕುಂಡರಿಸಿಕೊಂಡು ಹೇಳಿದ್ದೆ. "ಇದು ಮಣ್ಣಿಗೆ ತಾಗಿದ್ರ ನೀ ನನ್ನ ಮಗನ ಅಲ್ಲ." ಎಂಟ ವರ್ಷದ ಹುಡುಗಗ ಏನ ತಿಳೀತೈತಿ, ಸುಮ್ನ ಹೆದರಸಾಕ ಅಂದದ್ದು. ನಾ ಮರತ ಬಿಟ್ಟಿದ್ದೆ. ಅವಾ ಮರೀಲಿಲ್ಲ. ನನ್ನ ಮಗ ಆಗಿ ಇರಾಕ ಆ ಸೊನ್ನಿ ತಗೊಂಡಾ. ಅದನ್ನ ನಾ ಊರ ಮುಂದ ಓದಿ ನಗಿಸಿದೆ. ಅವಾ ತಿರಗಿ ಒಂದ ಮಾತ ಆಡಿದ್ರ ಸಾಕಿತ್ತು, "ಅಪ್ಪಾ, ನೀನ ಹೇಳಿದ್ದಿ" ಅಂತ. ಆಡಲಿಲ್ಲ.

ಆ ಸೊನ್ನಿ ಹೊಡೀಬ್ಯಾಡ್ರಿ. ಅದು ಇರಲಿ, ಅದು ನಂದು. ಮಗ್ಗಲಾಗ ಇನ್ನೊಂದ ಗೆರಿ ಎಳದು ಅವನ ಅರವತ್ತಮೂರು ಬರೀರಿ.

ಮತ್ತೊಂದ ಕೇಳೂದೈತಿ. ನಾ ಅವನ ಆಟ ಒಮ್ಮೆನೂ ನೋಡಲಿಲ್ಲ. ಬರೂ ಐತವಾರ ಮುಂಜಾನೆ ಬಸ್ಸಿಗೆ ರಾಮದುರ್ಗಕ್ಕ ಬರತೇನಿ. ಆಟ ಇರದಿದ್ರೂ ನಡೀತೈತಿ, ಬರೇ ಅಂಗಳಾ ಸಾಕು. ಅವಾ ಎಲ್ಲಿ ನಿಂದರತಿದ್ದಾ, ಆ ಜಾಗಾ ತೋರಸ್ರಿ. ಸ್ವಲ್ಪ ಹೊತ್ತ ಅಲ್ಲಿ ನಿಂತು ತಿರಗಿ ಬರತೇನಿ.

ಇಂತಿ,
ದುಂಡಪ್ಪನ ಅಪ್ಪ
ಮಹಾಂತಪ್ಪ